ತಂತಿಯೊಳಗಿನ ದೆವ್ವ

ರಬಕವಿ-ಬನಹಟ್ಟಿಯಲ್ಲಿ ವಿದ್ಯುತ್ ಮಗ್ಗದ ಖಟಖಟ ಸಪ್ಪಳಕ್ಕೆ ಯಾರೂ ಬೆಚ್ಚುವುದಿಲ್ಲ. ತೊಟ್ಟಿಲ ಕೂಸಿಗೂ ಅದು ಜೋಗುಳವೇ; ಎಚ್ಚರವಾಗುವುದು ಕರೆಂಟು ಹೋಗಿ ಮಗ್ಗ ನಿಂತಾಗ. ಅತ್ತ ಮುಧೋಳದ ಕಬ್ಬಿನ ಹೊಲಕ್ಕೆ ಅಮಾವಾಸ್ಯೆ ರಾತ್ರಿ ನೀರು ಹಾಯಿಸಲು ಹೋದವನಿಗೆ ಒಣ ರವದಿ ಒಮ್ಮೆ ಸರಕ್ಕೆಂದರೂ ಎದೆ ಝಲ್ಲೆನ್ನುತ್ತದೆ. ಮಗ್ಗದ ಸದ್ದು ದೊಡ್ಡದು, ಆದರೆ ಮುಂದಿನ ಪೆಟ್ಟು ಯಾವಾಗ ಬೀಳುತ್ತದೆಂದು ಕಿವಿಗೆ ಗೊತ್ತು. ರವದಿಯದು ಗೊತ್ತಿಲ್ಲ. ಹೆದರಿಸುವ ಸದ್ದು ಕಟ್ಟುವವರ ಕಸುಬೆಲ್ಲ ಇಷ್ಟರಲ್ಲೇ ಇದೆ.

ಕಂಪನಿ ನಾಟಕದವರು ಪರದೆಯ ಹಿಂದೆ ತಗಡು ಅಲುಗಿಸಿ ಗುಡುಗು ತರಿಸುತ್ತಿದ್ದರು. ಅಕ್ಟೋಬರ್ 31ರ ಹ್ಯಾಲೊವೀನ್ ಹಬ್ಬಕ್ಕೆ ದೆವ್ವದ ಸದ್ದು ಬೇಕಾದ ಪಶ್ಚಿಮದ ಹವ್ಯಾಸಿಗಳು ಹಿಡಿಯುವುದು ಮಾಡ್ಯುಲರ್ ಸಿಂಥಸೈಜರ್ ಎಂಬ ಯಂತ್ರವನ್ನು. ಅಮೆರಿಕದ ರಾಬರ್ಟ್ ಮೂಗ್ ಇದರ ಮಾದರಿಯೊಂದನ್ನು 1964ರಲ್ಲಿ ತೋರಿಸಿದರು. ಐದೇ ವರ್ಷದಲ್ಲಿ ಅದು ಭಾರತಕ್ಕೂ ಬಂತು: 1969ರಲ್ಲಿ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್ ಮೂಗ್ ಯಂತ್ರ ಜೋಡಿಸಿಕೊಟ್ಟರು. ಗೀತಾ ಸಾರಾಭಾಯಿ, ಜಿನರಾಜ ಜೋಶಿಪುರ ಮೊದಲಾದವರು ಅದರಲ್ಲಿ ಪ್ರಯೋಗ ಮಾಡಿದರು. ಆ ಟೇಪುಗಳು ಆಲ್ಬಮ್ಮಾಗಿ ಹೊರಬಂದದ್ದು ಮಾತ್ರ 2023ರಲ್ಲಿ!

ಯಂತ್ರ ನೋಡಿದರೆ ಹಳೆಯ ಟೆಲಿಫೋನ್ ಎಕ್ಸ್‌ಚೇಂಜ್ ನೆನಪಾಗುತ್ತದೆ. ಒಂದೊಂದು ಪೆಟ್ಟಿಗೆಗೆ ಒಂದೊಂದೇ ಕೆಲಸ. ವೈರು ಚುಚ್ಚಿ ಒಂದನ್ನು ಇನ್ನೊಂದಕ್ಕೆ ಗಂಟು ಹಾಕುವವರೆಗೆ ಯಂತ್ರ ಮೂಕ.

ಗಾಳಿಯನ್ನೇ ತೆಗೆದುಕೊಳ್ಳಿ. ನಾಯ್ಸ್ ಪೆಟ್ಟಿಗೆ ಕೊಡುವುದು ಬರೀ 'ಶ್‌ಶ್', ಎಲ್ಲ ಸ್ವರಗಳೂ ಕಲಸಿಹೋದ ಸದ್ದು, ರವದಿಯ ಸರಸರಕ್ಕೆ ತೀರ ಹತ್ತಿರದ್ದು. ಫಿಲ್ಟರ್ ಎಂಬ ಜರಡಿ ಅದರಿಂದ ಒಂದು ಪಟ್ಟಿಯನ್ನಷ್ಟೇ ಬಿಡುತ್ತದೆ. ಆ ಪಟ್ಟಿಯನ್ನು ನಿಧಾನವಾಗಿ ಮೇಲೆ ಕೆಳಗೆ ಸರಿಸಿದರೆ ಬೀಳಗಿ ಕಡೆಯ ಕೃಷ್ಣೆಯ ಹಿನ್ನೀರಿನ ಮೇಲೆ ಊಳಿಡುವ ಗಾಳಿ ಸಿಕ್ಕಿತು. ಆದರೆ ಸರಿಸುವುದು ಒಂದೇ ಲಯದಲ್ಲಾದರೆ ಕೆಟ್ಟಿತು. ಗಾಳಿ ಹೋಗಿ ಫ್ಯಾನು ಕೇಳಿಸುತ್ತದೆ. ಅದಕ್ಕೇ 'ಸ್ಯಾಂಪಲ್ ಅಂಡ್ ಹೋಲ್ಡ್' ಎಂಬ ಪೆಟ್ಟಿಗೆ. ನಾಯ್ಸ್ ಉಣಿಸಿದರೆ ಅದು ಕವಡೆ ಎಸೆದಂತೆ ಪ್ರತಿ ಸಲ ಬೇರೆ ವೋಲ್ಟೇಜು ಎತ್ತಿಕೊಡುತ್ತದೆ. ಮುಂದಿನದು ಏನೆಂದು ಯಂತ್ರ ಕಟ್ಟಿದವನಿಗೂ ತಿಳಿಯದು.

ಜಮಖಂಡಿಯ ಹಳೆ ವಾಡೆಯ ಬಾಗಿಲು ಕಿರ್ರೆಂದರೆ ಅದು ಒಂದು ಸದ್ದಲ್ಲ. ತಿರುಗಣಿ ಕಚ್ಚಿ ಹಿಡಿಯುತ್ತದೆ, ಜಾರುತ್ತದೆ, ಮತ್ತೆ ಹಿಡಿಯುತ್ತದೆ. ಸಾಲು ಸಾಲು ಟಿಕ್‌ಗಳು. ಆಸಿಲೇಟರ್ ಎಂಬ ಪೆಟ್ಟಿಗೆ ಸೆಕೆಂಡಿಗೆ ಎಂಟು-ಹತ್ತು ಪೆಟ್ಟು ಕೊಟ್ಟರೆ ಕಿವಿ ಎಣಿಸೀತು. 20ರ ಆಸುಪಾಸು ದಾಟಿದರೆ ಪೆಟ್ಟುಗಳು ಬೆಸೆದು ಸ್ವರವಾಗುತ್ತವೆ. ಆ ಗಡಿಯಲ್ಲಿ ಓಲಾಡಿಸಿದರೆ ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆ. ಬನಹಟ್ಟಿಯ ಮಗ್ಗವನ್ನು ಆ ವೇಗಕ್ಕೆ ಓಡಿಸಿದರೆ ಅದೂ ಹಾಡೀತು, ನೂಲು ಉಳಿಯಲಿಕ್ಕಿಲ್ಲ ಅಷ್ಟೆ.

ಇನ್ನು ಚೀತ್ಕಾರ. ಅದರ ಜೋರು ಸೆಕೆಂಡಿಗೆ 30ರಿಂದ 150 ಸಲ ಏರಿಳಿಯುತ್ತದೆ, ಸಾದಾ ಮಾತಿನಲ್ಲಿ ಈ ಒರಟುತನ ಇರುವುದಿಲ್ಲ ಎಂದು ನರವಿಜ್ಞಾನಿಗಳಾದ ಲೂಕ್ ಆರ್ನಾಲ್, ಡೇವಿಡ್ ಪೋಪೆಲ್ ಮತ್ತು ಸಂಗಡಿಗರು 2015ರಲ್ಲಿ ತೋರಿಸಿದರು. ಈ ಒರಟು ಹೆಚ್ಚಿದಷ್ಟೂ ಮಿದುಳಿನಲ್ಲಿ ಭಯದ ಠಾಣೆಯಾದ ಅಮಿಗ್ಡಲಾ ಕೆರಳುತ್ತದೆ. ಸಿಂಥಸೈಜರಿನಲ್ಲಿ ಇದಕ್ಕೆ ಬೇಕಾದ್ದು ಒಂದು ವೈರು: 70 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 70 ಸಲ ಮಿಡಿಯುವ, ಆಸಿಲೇಟರಿನಿಂದ ಜೋರು ಏರಿಳಿಸುವ ಪೆಟ್ಟಿಗೆಗೆ.

ಪೆಟ್ಟಿಗೆಗಳು ದುಬಾರಿ. ಕಂಪ್ಯೂಟರ್ ಇದ್ದವರು ವಿಸಿವಿ ರ್‍ಯಾಕ್ ಎಂಬ ಉಚಿತ ತಂತ್ರಾಂಶದಲ್ಲಿ ಇದನ್ನೆಲ್ಲ ಮಾಡಿ ನೋಡಬಹುದು. ಹೆಡ್‌ಫೋನ್ ಹಾಕುವ ಮೊದಲು ವಾಲ್ಯೂಮ್ ಇಳಿಸಿಕೊಳ್ಳಿ. ತಪ್ಪು ವೈರು ಚುಚ್ಚಿದಾಗ ಬರುವ ಕಿರುಚಾಟ ದೆವ್ವದ್ದಕ್ಕಿಂತ ಜೋರು.