ವಿದ್ಯಾರ್ಥಿ ವೀಸಾ ದುಡಿಮೆಯ ವೀಸಾ ಅಲ್ಲ

"ಮಗ ಇಂಗ್ಲೆಂಡಿಗೆ ಹೋಗಿ ಆರು ತಿಂಗಳಾಯ್ತಲ್ಲ, ತಿಂಗಳಿಗೆ ಎಷ್ಟು ಕಳಿಸ್ತಾನೆ ಮಾರಾಯ್ರೆ?" ನಮ್ಮ ಕಡೆಯ ಮದುವೆ ಮನೆಗಳಲ್ಲಿ ಈಗ ಮಾಮೂಲಾಗಿರುವ ಪ್ರಶ್ನೆ ಇದು. ಕೇಳುವವರಿಗೆ ಕೆಟ್ಟ ಉದ್ದೇಶವೇನೂ ಇಲ್ಲ. ಬ್ಯಾರಿ ಮನೆಗಳಿಗೆ ಸುಮಾರು ಐವತ್ತು ವರ್ಷಗಳಿಂದ ವಿದೇಶ ಎಂದರೆ ಗಲ್ಫ್. ಗಲ್ಫಿಗೆ ಹೋದವರು ಮೊದಲು ವೀಸಾದ ಸಾಲ ತೀರಿಸಿದರು, ಆಮೇಲೆ ತಂಗಿಯ ಮದುವೆ ಮಾಡಿಸಿದರು, ಹೆಂಚಿನ ಮನೆಯನ್ನು ತಾರಸಿ ಮಾಡಿದರು. ಅಲ್ಲಿಂದ ಇಲ್ಲಿಗೆ ಹಣ ಬರುವುದೇ ನಮಗೆ ಗೊತ್ತಿದ್ದ ಲೆಕ್ಕ.

ಓದಲು ಹೋದವರ ಲೆಕ್ಕ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ ಹಣ ಹೋಗುವುದು ಮನೆಯಿಂದ ಹೊರಕ್ಕೆ. ಇದು ಮನೆಯವರಿಗೆ ಸರಿಯಾಗಿ ಅರ್ಥವಾಗದಿದ್ದರೆ ಅದರ ಭಾರ ಬೀಳುವುದು ಅಲ್ಲಿರುವ ಮಕ್ಕಳ ಹೆಗಲ ಮೇಲೆ.

ಇದು ಕರಾವಳಿಯೊಂದರ ಕಥೆಯೂ ಅಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದರೆ ನಮಗೆ ನೆನಪಾಗುವುದು ಕರದಂಟು, ಜಲಪಾತ, ಹಿಡಕಲ್ ಅಣೆಕಟ್ಟು, ಕಬ್ಬಿನ ಗದ್ದೆ. ಅಲ್ಲಿನ ಮನೆಗಳಿಗೆ ನಮ್ಮ ಹಾಗೆ ಗಲ್ಫಿನ ರೂಢಿ ಇಲ್ಲ. ಮಕ್ಕಳು ಓದಿಗೆಂದು ವಿದೇಶಕ್ಕೆ ಹೊರಟರೆ ಹೊಲದ ಮೇಲೆ ಸಾಲ ಎತ್ತುತ್ತಾರೆ, ನಮ್ಮಲ್ಲಿ ಒಡವೆ ಅಡವಿಡುತ್ತಾರೆ. ಆದರೆ ಪ್ರಶ್ನೆ ಅದೇ: "ಮಗಾ ರೊಕ್ಕಾ ಕಳಸಾಕತ್ತಾನೇನ್ರಿ?"

ಈ ಪ್ರಶ್ನೆಗೆ ಉತ್ತರ ಆಯಾ ದೇಶದ ಕಾನೂನಿನಲ್ಲೇ ಇದೆ. ಬ್ರಿಟನ್ನಿನಲ್ಲಿ ಪದವಿ ಮಟ್ಟದ ವಿದ್ಯಾರ್ಥಿ ತರಗತಿ ನಡೆಯುವ ದಿನಗಳಲ್ಲಿ ವಾರಕ್ಕೆ 20 ಗಂಟೆ ಮಾತ್ರ ಕೆಲಸ ಮಾಡಬಹುದು. ಕೆನಡಾದಲ್ಲಿ ಕ್ಯಾಂಪಸ್ ಹೊರಗಿನ ಕೆಲಸದ ಮಿತಿ 2024ರ ನವೆಂಬರ್‌ನಿಂದ ವಾರಕ್ಕೆ 24 ಗಂಟೆ. ಆಸ್ಟ್ರೇಲಿಯಾದಲ್ಲಿ 2023ರ ಜುಲೈಯಿಂದ ಹದಿನೈದು ದಿನಕ್ಕೆ 48 ಗಂಟೆ. ಜರ್ಮನಿಯಲ್ಲಿ ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ.

ಬ್ರಿಟನ್ನಿನ ಲೆಕ್ಕವನ್ನೇ ಹಾಕಿ ನೋಡೋಣ. 2025ರ ಏಪ್ರಿಲ್‌ನಲ್ಲಿ ಅಲ್ಲಿ 21 ದಾಟಿದವರಿಗೆ ಕನಿಷ್ಠ ಕೂಲಿ ಗಂಟೆಗೆ 12.21 ಪೌಂಡ್ ಆಯಿತು. ವಾರಕ್ಕೆ 20 ಗಂಟೆಯಂತೆ ನಾಲ್ಕು ವಾರ ಒಂದು ದಿನವೂ ತಪ್ಪದೆ ದುಡಿದರೆ ಸಿಗುವುದು ಸುಮಾರು 977 ಪೌಂಡ್. ಆದರೆ ವಿದ್ಯಾರ್ಥಿಯ ತಿಂಗಳ ಖರ್ಚಿಗೆ ಲಂಡನ್ ಹೊರಗೆ 1,136 ಪೌಂಡ್, ಲಂಡನ್‌ನಲ್ಲಿ 1,483 ಪೌಂಡ್ ಕೈಯಲ್ಲಿರಬೇಕು ಎಂದು ಅದೇ ವರ್ಷದ ಜನವರಿಯಲ್ಲಿ ಅಲ್ಲಿನ ಸರಕಾರವೇ ನಿಗದಿ ಮಾಡಿತ್ತು. ಅಂದರೆ ಕಾನೂನು ಬಿಟ್ಟಷ್ಟು ದುಡಿದರೂ ಸರಕಾರ ಹೇಳುವ ಊಟ, ಬಾಡಿಗೆಯ ಖರ್ಚೇ ಹುಟ್ಟುವುದಿಲ್ಲ. ಕಾಲೇಜಿನ ಫೀಸಿನ ಮಾತು ಆಮೇಲೆ. ಊರಿಗೆ ಕಳಿಸುವ ಮಾತು ಇನ್ನೂ ದೂರ.

"ಹೇಗೂ ಅಲ್ಲಿ ಪಾರ್ಟ್ ಟೈಮ್ ಮಾಡಿ ಫೀಸು ಕಟ್ಟಬಹುದು" ಎಂದು ಏಜೆಂಟರು ಹೇಳುವುದನ್ನು ನಾವು ಸಾಕಷ್ಟು ಕೇಳಿದ್ದೇವೆ. ಖಾತೆಯಲ್ಲಿ ತೋರಿಸಬೇಕಾದ ಹಣವನ್ನು "ನಾವೇ ಅರೇಂಜ್ ಮಾಡ್ತೇವೆ" ಎನ್ನುವವರೂ ಇದ್ದಾರೆ. ಬ್ರಿಟನ್ನಿನ ನಿಯಮದಂತೆ ಆ ಹಣ 28 ದಿನ ಖಾತೆಯಲ್ಲಿ ಇರಬೇಕು. ಸಾಲದ ಹಣ 28 ದಿನ ಕೂತು, ವೀಸಾ ಸಿಕ್ಕಿದ ಕೂಡಲೇ ವಾಪಸ್ ಹೋಗುತ್ತದೆ. ಹುಡುಗ ವಿಮಾನ ಹತ್ತುವಾಗ ಅವನ ಕೈಯಲ್ಲಿ ಇರುವುದು ಕಾಗದದ ಮೇಲಿನ ಹಣ ಮಾತ್ರ.

ಅಲ್ಲಿ ದಿನ ಹೇಗೆ ಹೋಗುತ್ತದೆ ಎಂಬುದನ್ನೂ ಮನೆಯವರು ತಿಳಿದಿರಬೇಕು. ಮೂರು ನಾಲ್ಕು ಜನ ಸೇರಿ ಒಂದು ಮನೆ. ಅಡುಗೆಗೆ ಪಾಳಿ. ಬೆಳಿಗ್ಗೆ ತರಗತಿ, ಸಂಜೆ ಹೋಟೆಲಿನಲ್ಲಿ ಪಾತ್ರೆ ತೊಳೆಯುವುದೋ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವುದೋ, ವೃದ್ಧರ ಆರೈಕೆ ಮಾಡುವುದೋ. ರಾತ್ರಿ ಬಂದು ಅಸೈನ್‌ಮೆಂಟ್. ಡಿಸೆಂಬರ್‌ನಲ್ಲಿ ಲಂಡನ್‌ನಲ್ಲಿ ಸಂಜೆ ನಾಲ್ಕು ಗಂಟೆಗೆಲ್ಲ ಮಗ್ರಿಬ್ ಆಗಿಬಿಡುತ್ತದೆ, ಅಸರ್ ತರಗತಿಯ ನಡುವೆಯೇ ಬರುತ್ತದೆ. ಹಲಾಲ್ ಮಾಂಸದ ಅಂಗಡಿ ಎಲ್ಲಿದೆ, ಜುಮಾ ಎಲ್ಲಿ ನಡೆಯುತ್ತದೆ ಎಂದು ಹುಡುಕುವುದರಲ್ಲಿ ಮೊದಲ ವಾರ ಮುಗಿಯುತ್ತದೆ. ಪೆರ್ನಾಲ್ ದಿನವೂ ಪರೀಕ್ಷೆ ಇರಬಹುದು. ಉಮ್ಮ ಇಶಾ ಮುಗಿಸಿ ಒಂಬತ್ತು ಗಂಟೆಗೆ ವಿಡಿಯೋ ಕಾಲ್ ಮಾಡಿದರೆ ಅಲ್ಲಿ ಇನ್ನೂ ನಡು ಮಧ್ಯಾಹ್ನ. ಮಗಳು ಕೆಲಸದ ಏಪ್ರನ್ ಬಿಚ್ಚಿಟ್ಟು, "ಎಲ್ಲ ಚೆನ್ನಾಗಿದೆ ಉಮ್ಮ" ಅನ್ನುತ್ತಾಳೆ.

ಇಷ್ಟರ ಮೇಲೆ ಮನೆಯಿಂದ "ಇನ್ನೂ ಏನೂ ಕಳಿಸಿಲ್ಲ" ಎಂಬ ಒಂದು ಮಾತು ಹೋದರೆ ಏನಾಗುತ್ತದೆ? 20 ಗಂಟೆ 35 ಆಗುತ್ತದೆ. ಹೆಚ್ಚಿನ ಗಂಟೆಗಳ ಕೂಲಿ ಲೆಕ್ಕವಿಲ್ಲದೆ ಕೈಗೆ ಬರುತ್ತದೆ, ಅದೂ ಕನಿಷ್ಠ ಕೂಲಿಗಿಂತ ಕಡಿಮೆ. ಮಾಲೀಕ ಕೊಡದಿದ್ದರೆ ದೂರು ಕೊಡಲು ಧೈರ್ಯ ಬರುವುದಿಲ್ಲ, ಯಾಕೆಂದರೆ ತಪ್ಪು ತನ್ನ ಮೇಲೂ ಇದೆ. ಇನ್ನು ಕೆಲವರು ಬೇರೆಯವರ ಹೆಸರಿನ ಖಾತೆಯಲ್ಲಿ ಊಟ ತಲುಪಿಸುವ ಕೆಲಸಕ್ಕೆ ಇಳಿಯುತ್ತಾರೆ. ಬ್ರಿಟನ್ನಿನ ವಿದ್ಯಾರ್ಥಿ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅವಕಾಶವೇ ಇಲ್ಲ. ಸಿಕ್ಕಿಬಿದ್ದರೆ ವೀಸಾ ರದ್ದಾಗಬಹುದು. ತರಗತಿಗೆ ಹೋಗದಿದ್ದರೆ ವಿಶ್ವವಿದ್ಯಾಲಯವೇ ಸರಕಾರಕ್ಕೆ ವರದಿ ಮಾಡಬೇಕು. ಆಗ ಡಿಗ್ರಿಯೂ ಇಲ್ಲ, ಕೆಲಸವೂ ಇಲ್ಲ. ಉಳಿಯುವುದು ಸಾಲ ಮಾತ್ರ.

ಓದಿಗಾಗಿ ಹೋಗಿ ಓದಿನಿಂದಲೇ ಊರಿಗೆ ಉಪಕಾರ ಮಾಡಿದವರ ಉದಾಹರಣೆ ಬೇಕೆಂದರೆ ಮತ್ತೆ ಗೋಕಾಕದ ಕಡೆಗೇ ನೋಡಬೇಕು. ಗೋಕಾಕದ ಹತ್ತಿರದ ಘಟಪ್ರಭಾದಲ್ಲಿ ಕರ್ನಾಟಕ ಆರೋಗ್ಯ ಸಂಸ್ಥೆ ಎಂಬ ಹಳೆಯ ಆಸ್ಪತ್ರೆ ಇದೆ. ಆ ಊರಿನ ಜೊತೆ ಬೆಸೆದುಕೊಂಡ ಹೆಸರು ಡಾ. ನಾ.ಸು. ಹರ್ಡೀಕರ್. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಅವರು ವೈದ್ಯಕೀಯ ಓದಿ, 1910ರ ದಶಕದಲ್ಲಿ ಅಮೆರಿಕಕ್ಕೆ ಹೋದರು. ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆರೋಗ್ಯದಲ್ಲಿ ಎಂ.ಎಸ್‌ಸಿ. ಮಾಡಿದರು. ಅಲ್ಲಿನ ಭಾರತೀಯ ವಿದ್ಯಾರ್ಥಿಗಳ ಸಂಘವನ್ನು ಮುನ್ನಡೆಸಿದರು. ಓದು ಮುಗಿದ ಮೇಲೆ ನ್ಯೂಯಾರ್ಕಿನಲ್ಲಿ ಲಾಲಾ ಲಜಪತ ರಾಯರ ಜೊತೆ ಹೋಮ್ ರೂಲ್ ಲೀಗಿನ ಕೆಲಸ ಮಾಡಿದರು. 1921ರಲ್ಲಿ ವಾಪಸ್ ಬಂದರು.

ಆ ಕಾಲದಲ್ಲಿ ಅಮೆರಿಕಕ್ಕೆ ಹೋದ ನಮ್ಮ ದೇಶದ ಅನೇಕ ವಿದ್ಯಾರ್ಥಿಗಳು ತೋಟಗಳಲ್ಲಿ, ಹೋಟೆಲುಗಳಲ್ಲಿ ದುಡಿದೇ ಓದಿದರು. ಮನೆಗೆ ಬರೆದ ಕಾಗದ ಹಡಗಿನಲ್ಲಿ ತಲುಪಲು ವಾರಗಟ್ಟಲೆ ಬೇಕಿತ್ತು. ಹರ್ಡೀಕರ್ ಊರಿಗೆ ತಂದದ್ದು ಸಂಘಟನೆ ಕಟ್ಟುವ ವಿದ್ಯೆ. 1923ರಲ್ಲಿ ಹಿಂದೂಸ್ತಾನಿ ಸೇವಾದಳ ಕಟ್ಟಿದರು. ಮರುವರ್ಷ ಗಾಂಧೀಜಿ ಅಧ್ಯಕ್ಷತೆಯ ಬೆಳಗಾವಿ ಅಧಿವೇಶನದಲ್ಲಿ ಅದರ ಸ್ವಯಂಸೇವಕರು ದುಡಿದರು. ಅವರ ಜೊತೆ ಮಹಿಳೆಯರನ್ನು ಸಂಘಟಿಸಿದವರು ಮಂಗಳೂರಿನಲ್ಲಿ ಹುಟ್ಟಿದ ಉಮಾಬಾಯಿ ಕುಂದಾಪುರ. ವಿದೇಶದಲ್ಲಿ ಓದಿದ ಒಬ್ಬರಿಂದ ಊರಿಗೆ ಏನು ಬಂತು ಎಂದು ಕೇಳಿದರೆ ಇಷ್ಟು ಬಂತು. ಆದರೆ ಅದು ಆರು ತಿಂಗಳಲ್ಲಿ ಬರಲಿಲ್ಲ.

ಹಾಗಾದರೆ ಕಳಿಸುವುದೇ ಬೇಡವೇ? ಹಾಗಲ್ಲ. ಲೆಕ್ಕ ಮೊದಲೇ ಆಗಬೇಕು, ಅಷ್ಟೆ. ಜರ್ಮನಿಯ ಹೆಚ್ಚಿನ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕ ಇಲ್ಲ. ಆದರೆ ವರ್ಷದ ಖರ್ಚಿಗೆ 11,904 ಯೂರೋ ಮೊದಲೇ ಖಾತೆಯಲ್ಲಿ ಕಟ್ಟಿಡಬೇಕು ಎಂದು 2024ರ ಸೆಪ್ಟೆಂಬರ್‌ನಲ್ಲಿ ನಿಗದಿಯಾಯಿತು. ತಿಂಗಳಿಗೆ 992 ಯೂರೋದಂತೆ ಅದನ್ನು ತೆಗೆಯಬಹುದು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶ ಓದಿನ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ 'ಪಢೋ ಪರದೇಶ್' ಯೋಜನೆ 2022-23ರಿಂದ ನಿಂತುಹೋಗಿದೆ. ಬಡ್ಡಿಯ ಸಾಲ ಬೇಡ ಎನ್ನುವ ನಮ್ಮ ಮನೆಗಳು ಕರ್ನಾಟಕ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಬಡ್ಡಿರಹಿತ ವಿದೇಶ ವ್ಯಾಸಂಗ ಸಾಲದ ಬಗ್ಗೆ ವಿಚಾರಿಸಬೇಕು. ಆದಾಯ ಮಿತಿ, ಮೊತ್ತ, ಕೊನೆಯ ದಿನಾಂಕ ಬದಲಾಗುತ್ತಿರುತ್ತವೆ. ಏಜೆಂಟರ ಬಾಯಿಮಾತಿಗಿಂತ ನಿಗಮದ ಜಿಲ್ಲಾ ಕಚೇರಿಗೆ ಒಮ್ಮೆ ಹೋಗಿ ಬರುವುದು ಮೇಲು.

ಹೊರಡುವ ಮುನ್ನ ಮನೆಯವರೆಲ್ಲ ಕುಳಿತು ಮೂರು ವಿಷಯ ತೀರ್ಮಾನಿಸಿ. ಮೊದಲ ವರ್ಷದ ಫೀಸು, ಬಾಡಿಗೆ, ಊಟದ ಪೂರ್ತಿ ಖರ್ಚು ಪಾರ್ಟ್ ಟೈಮ್ ಸಂಪಾದನೆಯನ್ನು ಲೆಕ್ಕಕ್ಕೆ ಸೇರಿಸದೆ ಕೈಯಲ್ಲಿದೆಯೇ? ಓದು ಮುಗಿದು ಕೆಲಸ ಸಿಗುವವರೆಗೆ ಸಾಲದ ಕಂತು ಯಾರು ಕಟ್ಟುತ್ತಾರೆ? ಅಲ್ಲಿ ಕಾಯಿಲೆ ಬಿದ್ದರೆ, ಕೆಲಸ ಹೋದರೆ ಎರಡು ತಿಂಗಳಿಗೆ ಸಾಲುವಷ್ಟು ಹಣ ಬೇರೆ ಇದೆಯೇ? ಉತ್ತರ ಇಲ್ಲದಿದ್ದರೆ ಒಂದು ವರ್ಷ ತಡವಾದರೂ ನಷ್ಟವಿಲ್ಲ.

ಈಗಾಗಲೇ ಹೋದವರ ಮನೆಯವರಿಗೆ ನಮ್ಮ ಮಾತು ಇಷ್ಟೇ. ಫೋನಿನಲ್ಲಿ ದುಡ್ಡಿನ ಸುದ್ದಿ ತೆಗೆಯುವ ಮೊದಲು, "ಊಟ ಆಯ್ತಾ, ನಿದ್ದೆ ಮಾಡ್ತೀಯಾ, ತರಗತಿಗೆ ಹೋಗ್ತೀಯಾ?" ಎಂದು ಕೇಳಿ. ಊರಿನವರು ಎಷ್ಟು ಕಳಿಸ್ತಾನೆ ಅಂದರೆ, "ಅವನು ಓದ್ತಾ ಇದ್ದಾನೆ" ಎಂದು ನೇರವಾಗಿ ಹೇಳಿಬಿಡಿ. ಆ ಒಂದು ಮಾತು ಅಲ್ಲಿರುವ ಮಕ್ಕಳ ಹೆಗಲಿನ ಅರ್ಧ ಭಾರ ಇಳಿಸುತ್ತದೆ.