ಮುಟ್ಟು ನಿಂತರೆ ದಾಂಪತ್ಯ ಮುಗಿಯಿತೇ?

ಶ್ರೀರಂಗಪಟ್ಟಣವಿರಲಿ, ಪಾಂಡವಪುರವಿರಲಿ, ಕೆ.ಆರ್. ಪೇಟೆ ಅಥವಾ ನಾಗಮಂಗಲವಿರಲಿ, ನಲ್ವತ್ತೈದು ದಾಟಿದ ಸಹೋದರಿಯರು ಮಂಡಿನೋವು, ಬಿ.ಪಿ., ಸಕ್ಕರೆ ಕಾಯಿಲೆಯ ಬಗ್ಗೆ ಮುಕ್ತವಾಗಿ ಮಾತಾಡುತ್ತಾರೆ. ಆದರೆ ಪತಿಯೊಂದಿಗಿನ ಮಿಲನ ನೋವು ಕೊಡುತ್ತಿದೆ, ಆಸೆ ಕುಗ್ಗಿದೆ ಎಂಬುದನ್ನು ಯಾರಲ್ಲೂ ಹೇಳುವುದಿಲ್ಲ. ‘ಮೊಮ್ಮಕ್ಕಳಾದ ಮೇಲೆ ಇದನ್ನೆಲ್ಲ ಹೇಳುವುದೇ?’ ಎಂಬ ನಾಚಿಕೆ. ಕಾರಣ ತಿಳಿಯದ ಪತಿ, ಪತ್ನಿಗೆ ತನ್ನ ಮೇಲೆ ಪ್ರೀತಿಯಿಲ್ಲವೆಂದು ಭಾವಿಸುತ್ತಾನೆ. ದೇಹದ ತೊಂದರೆಯೊಂದು ಸಂಸಾರದ ವಿರಸವಾಗುವುದು ಹೀಗೆ.

ಸಾಮಾನ್ಯವಾಗಿ 45ರಿಂದ 55ರ ವಯಸ್ಸಿನಲ್ಲಿ ಮುಟ್ಟು ನಿಲ್ಲುತ್ತದೆ. ಅಂಡಾಶಯಗಳಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನಿನ ಉತ್ಪತ್ತಿ ತಗ್ಗುತ್ತದೆ. ಆಗ ಯೋನಿಯ ಒಳಪದರ ತೆಳುವಾಗಿ ಒಣಗುತ್ತದೆ. ಉರಿ, ನೋವು, ಪದೇ ಪದೇ ಮೂತ್ರದ ಸೋಂಕು ಕಾಣಿಸಬಹುದು. ನೋವಿನ ಭಯವಿರುವಲ್ಲಿ ಆಸೆ ಹುಟ್ಟುವುದಾದರೂ ಹೇಗೆ? ಗರ್ಭಕೋಶದ ಜೊತೆ ಎರಡೂ ಅಂಡಾಶಯಗಳನ್ನು ತೆಗೆಸಿಕೊಂಡವರಲ್ಲಿ ಈ ಬದಲಾವಣೆ ಒಮ್ಮೆಲೇ ಬರುತ್ತದೆ. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ, ಖಿನ್ನತೆ, ನಿದ್ರೆಗೇಡು, ಕೆಲವು ಮಾತ್ರೆಗಳು ಕೂಡ ಆಸೆಯನ್ನು ಕುಗ್ಗಿಸಬಲ್ಲವು.

ಇದಕ್ಕೆ ಚಿಕಿತ್ಸೆಯಿದೆ. ನೀರಿನಂಶದ ಜಾರುಜೆಲ್ ಔಷಧಿ ಅಂಗಡಿಯಲ್ಲಿ ಸಿಗುತ್ತದೆ. ಅದು ಸಾಲದಿದ್ದರೆ, ಒಳಗೆ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಕ್ರೀಮನ್ನು ವೈದ್ಯರು ಬರೆದುಕೊಡುತ್ತಾರೆ. ಸ್ತನ ಕ್ಯಾನ್ಸರ್ ಆಗಿದ್ದವರು ಅದನ್ನು ಮೊದಲೇ ವೈದ್ಯರಿಗೆ ತಿಳಿಸಬೇಕು. ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ದೊಡ್ಡ ಆಸ್ಪತ್ರೆ ಬೇಕೆನಿಸಿದರೆ ಮಂಡ್ಯದ ಮಿಮ್ಸ್, ನಾಗಮಂಗಲ ತಾಲೂಕಿನ ಆದಿಚುಂಚನಗಿರಿ ಆಸ್ಪತ್ರೆ, ಮೈಸೂರಿನ ಚೆಲುವಾಂಬ ಆಸ್ಪತ್ರೆಗಳಿವೆ. ಮಹಿಳಾ ವೈದ್ಯರೇ ಬೇಕೆಂದು ಕೇಳಲು ಸಂಕೋಚ ಬೇಡ.

ಒಂದು ಎಚ್ಚರಿಕೆ. ಮುಟ್ಟು ನಿಂತು ವರ್ಷ ಕಳೆದ ಮೇಲೆ ರಕ್ತ ಕಂಡರೆ, ನಮಾಝ್ ಮಾಡಬಹುದೇ ಎಂದಷ್ಟೇ ಕೇಳಿ ಸುಮ್ಮನಾಗಬೇಡಿ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು. ಒಂದು ಹನಿಯಾದರೂ ತಡಮಾಡದೆ ವೈದ್ಯರಿಗೆ ತೋರಿಸಿ.

ಧರ್ಮಜ್ಞಾನ ಪಡೆಯಲು ನಾಚಿಕೆಯನ್ನು ಅಡ್ಡಿಯಾಗಿಸದ ಅನ್ಸಾರಿ ಮಹಿಳೆಯರನ್ನು ಹಝ್ರತ್ ಆಯಿಶಾ(ರ) ಪ್ರಶಂಸಿಸಿದ್ದರು. ಮುಟ್ಟು, ಸ್ನಾನದಂತಹ ವಿಷಯಗಳನ್ನು ಆ ಮಹಿಳೆಯರು ಪ್ರವಾದಿಯವರಲ್ಲೇ(ಸ) ಕೇಳಿ ತಿಳಿದುಕೊಂಡಿದ್ದರು. ಹಾಗಿರುವಾಗ ನಾವು ವೈದ್ಯರ ಮುಂದೆ ಬಾಯಿ ಕಟ್ಟಿಕೊಂಡು ಕೂರುವುದೇಕೆ?

ಸಹೋದರರೇ, ನಿಮಗೂ ಒಂದು ಮಾತು. ಪತಿ ಪತ್ನಿಯರನ್ನು ಕುರ್‌ಆನ್ ಪರಸ್ಪರರ ಉಡುಪಿಗೆ ಹೋಲಿಸಿದೆ. ಉಡುಪು ಮೈಯನ್ನು ಕಾಯಬೇಕು, ಗೀರಬಾರದು. ಪತ್ನಿ ನೋವೆಂದರೆ ನಂಬಿ. ಒತ್ತಾಯಿಸಬೇಡಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ. ಚಿಕಿತ್ಸೆ ಫಲ ಕೊಡಲು ಕೆಲವು ವಾರಗಳೇ ಬೇಕಾಗಬಹುದು. ಅಲ್ಲಿಯವರೆಗೆ ಪಕ್ಕದಲ್ಲಿ ಕುಳಿತು ಆಡುವ ಎರಡು ಒಳ್ಳೆಯ ಮಾತೂ ದಾಂಪತ್ಯವೇ.