‘ಅಪ್’ ಎಂದರೆ ಬರೀ ‘ಮೇಲೆ’ ಅಲ್ಲ!

ಸ್ಪ್ಯಾನಿಷ್ ಮನೆಮಾತಿನ ವಿದ್ಯಾರ್ಥಿಯೊಬ್ಬ ಇಂಗ್ಲಿಷ್ ಕಲಿಯಲು ಕುಳಿತಿದ್ದಾನೆ ಎಂದಿಟ್ಟುಕೊಳ್ಳಿ. ‘ಗಿವ್’ ಎಂದರೆ ಕೊಡು; ಅದು ಅವನಿಗೆ ಗೊತ್ತು. ‘ಅಪ್’ ಎಂದರೆ ಮೇಲೆ, ಅದೂ ಗೊತ್ತು. ಹಾಗಾದರೆ ‘ಗಿವ್ ಅಪ್’ ಎಂದರೆ ಮೇಲಕ್ಕೆ ಕೊಡುವುದೆ? ನಿಘಂಟು ತೆರೆದರೆ ಬಿಟ್ಟುಬಿಡು, ಸೋಲೊಪ್ಪಿಕೊ ಎಂಬ ಅರ್ಥಗಳು ಕಾಣುತ್ತವೆ. ಕೊಡುವ ಮಾತೂ ಇಲ್ಲ, ಮೇಲಿನ ಸುದ್ದಿಯೂ ಇಲ್ಲ!

‘ಲುಕ್’ ಎಂಬ ಸಾಧು ಪದವನ್ನೇ ನೋಡಿ. ‘ಲುಕ್ ಫಾರ್’ ಎಂದರೆ ಹುಡುಕು. ‘ಲುಕ್ ಆಫ್ಟರ್’ ಎಂದರೆ ಆರೈಕೆ ಮಾಡು. ‘ಲುಕ್ ಔಟ್’ ಎಂದರೆ ಎಚ್ಚರ! ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣು. ಸ್ಪ್ಯಾನಿಷ್‌ನಲ್ಲಿ ಹುಡುಕುವುದಕ್ಕೆ ‘ಬುಸ್ಕಾರ್’, ಆರೈಕೆಗೆ ‘ಕುಯ್ದಾರ್’ ಎಂದು ಒಂದೊಂದಕ್ಕೂ ಬೇರೆ ಬೇರೆ ಪದ. ಇಂಗ್ಲಿಷ್‌ನಲ್ಲಿ ಮಾತ್ರ ಒಂದೇ ಕ್ರಿಯಾಪದಕ್ಕೆ ಹತ್ತು ಬಾಲ. ಬಾಲ ಬದಲಾದರೆ ಪ್ರಾಣಿಯೇ ಬದಲು!

ಇವುಗಳಿಗೆ ಇಂಗ್ಲಿಷ್ ವ್ಯಾಕರಣದಲ್ಲಿ ‘ಫ್ರೇಸಲ್ ವರ್ಬ್’ ಎಂದು ಹೆಸರು. ಈ ಹೆಸರನ್ನು ಬಳಕೆಗೆ ತಂದದ್ದು ಲೋಗನ್ ಪಿಯರ್ಸಲ್ ಸ್ಮಿತ್ 1925ರಲ್ಲಿ ಪ್ರಕಟಿಸಿದ ಪುಸ್ತಕ. ಆದರೆ ರೋಗ ಹಳೆಯದು. 1755ರಲ್ಲಿ ಲಂಡನ್ನಿನಲ್ಲಿ ತನ್ನ ಪ್ರಸಿದ್ಧ ನಿಘಂಟನ್ನು ಹೊರತಂದ ಸ್ಯಾಮ್ಯುಯೆಲ್ ಜಾನ್ಸನ್, ಪರದೇಶೀಯರಿಗೆ ಇಂಗ್ಲಿಷ್‌ನಲ್ಲಿ ಅತಿ ಹೆಚ್ಚು ಕಷ್ಟ ಕೊಡುವುದು ಇಂಥ ಜೋಡಿಗಳೇ ಎಂದು ಮುನ್ನುಡಿಯಲ್ಲೇ ಗುರುತಿಸಿದ್ದ.

ಕನ್ನಡಿಗರು ಇದನ್ನು ಕೇಳಿ ನಗುವ ಮುನ್ನ ಕೊಂಚ ಯೋಚಿಸುವುದು ಒಳ್ಳೆಯದು. ‘ಈ ಸಲ ಮಳೆ ಕೈಕೊಟ್ಟಿತು’ ಎಂಬ ಮಾತನ್ನು ಹೊಸದಾಗಿ ಕನ್ನಡ ಕಲಿಯುವವನು ಕೇಳಿದರೆ, ಮಳೆರಾಯ ಬಂದು ಕೈಕುಲುಕಿದ ಎಂದೇ ಭಾವಿಸಿಯಾನು!

ಒಂದು ಭಾಷೆ, ಎರಡು ಮನೆ

ಸ್ಪ್ಯಾನಿಷ್ ಭಾಷಿಕರಿಗೆ ಈ ತೊಡಕು ವಿಶೇಷವಾಗಿ ಕಾಡುವುದಕ್ಕೆ ಚರಿತ್ರೆಯಲ್ಲಿ ಕಾರಣವಿದೆ. ಇಂಗ್ಲಿಷ್ ಜರ್ಮನ್, ಡಚ್ ಭಾಷೆಗಳ ಬಳಗದ್ದು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದರು. ಮುಂದಿನ ಶತಮಾನಗಳಲ್ಲಿ ಆಸ್ಥಾನ, ನ್ಯಾಯಾಲಯಗಳ ಮೂಲಕ ಫ್ರೆಂಚ್ ಪದಗಳೂ, ಮಠ ಮತ್ತು ವಿದ್ಯಾಪೀಠಗಳ ಮೂಲಕ ಲ್ಯಾಟಿನ್ ಪದಗಳೂ ಪ್ರವಾಹದಂತೆ ಬಂದವು. ಹೀಗಾಗಿ ಇಂಗ್ಲಿಷ್‌ನಲ್ಲಿ ಅನೇಕ ಕೆಲಸಗಳಿಗೆ ಎರಡೆರಡು ಮಾತು. ಅಡುಗೆಮನೆಯಲ್ಲಿ ‘ಪುಟ್ ಔಟ್’, ಕಚೇರಿಯಲ್ಲಿ ‘ಎಕ್ಸ್‌ಟಿಂಗ್ವಿಶ್’. ಮನೆಯಲ್ಲಿ ‘ಪುಟ್ ಅಪ್ ವಿತ್’, ಕಾಗದದ ಮೇಲೆ ‘ಟಾಲರೇಟ್’. ಬಾಗಿಲಲ್ಲಿ ‘ಕಮ್ ಇನ್’, ಫಲಕದ ಮೇಲೆ ‘ಎಂಟರ್’.

ಸ್ಪ್ಯಾನಿಷ್ ಲ್ಯಾಟಿನ್ನಿನ ಸ್ವಂತ ಮಗಳು. ‘ಎಕ್ಸ್‌ತಿಂಗಿರ್’, ‘ತೊಲೆರಾರ್’, ‘ಎಂತ್ರಾರ್’ ಅಲ್ಲಿ ಮೊದಲೇ ಇವೆ. ಆದ್ದರಿಂದ ಇಂಗ್ಲಿಷ್‌ನ ಕಚೇರಿ ಪದಗಳು ಸ್ಪ್ಯಾನಿಷ್ ಭಾಷಿಕರಿಗೆ ನೆಂಟರಂತೆ ಕಾಣುತ್ತವೆ. ಅಡುಗೆಮನೆಯ ಪದಗಳು ಅಪರಿಚಿತರಂತೆ. ಫಲಿತಾಂಶ ತಮಾಷೆಯಾದದ್ದು. ಪತ್ರಿಕೆಯ ಸಂಪಾದಕೀಯವನ್ನು ಸಲೀಸಾಗಿ ಓದಿ ಮುಗಿಸುವ ವ್ಯಕ್ತಿಗೆ ನೆರೆಮನೆಯ ಮಗುವಿನ ಮಾತು ತಿಳಿಯದು. ಅವನ ಮಾತು ತಪ್ಪೇನಲ್ಲ; ಆದರೆ ‘ಒಲೆ ಆರಿಸು’ ಎನ್ನುವ ಕಡೆ ‘ಅಗ್ನಿಯನ್ನು ಶಮನಗೊಳಿಸು’ ಎಂದಂತೆ ಕೇಳಿಸುತ್ತದೆ.

ಓಡಿ ಬಂದನೊ, ಬಂದು ಓಡಿದನೊ?

ಇನ್ನೊಂದು ವ್ಯತ್ಯಾಸ ವಾಕ್ಯದ ಒಡಲಿನಲ್ಲೇ ಇದೆ. ಒಬ್ಬ ಮನೆಯಿಂದ ಓಡಿಕೊಂಡು ಆಚೆ ಬಂದ. ಇಂಗ್ಲಿಷ್ ಇದನ್ನು ‘ರ್‍ಯಾನ್ ಔಟ್’ ಎನ್ನುತ್ತದೆ. ಹೇಗೆ ಎಂಬುದು ಕ್ರಿಯಾಪದದಲ್ಲಿ, ಎತ್ತ ಎಂಬುದು ಬಾಲದಲ್ಲಿ. ಸ್ಪ್ಯಾನಿಷ್‌ನಲ್ಲಿ ‘ಸಾಲಿಯೊ ಕೊರ್‍ರಿಯೆಂದೊ’, ಅಂದರೆ ‘ಓಡುತ್ತ ಹೊರಬಿದ್ದ’. ಎತ್ತ ಎಂಬುದೇ ಕ್ರಿಯಾಪದ. ಹೇಗೆ ಎಂಬುದು ಪಕ್ಕದ ಮಾತು. ಅಮೆರಿಕದ ಭಾಷಾವಿಜ್ಞಾನಿ ಲಿಯೊನಾರ್ಡ್ ಟಾಲ್ಮಿ ಲೋಕದ ಭಾಷೆಗಳನ್ನು ವಿಂಗಡಿಸಲು ಈ ಭೇದವನ್ನೇ ಅಳತೆಗೋಲಾಗಿ ಬಳಸಿದರು. ಏರುವುದಕ್ಕೆ ‘ಸುಬಿರ್’, ಇಳಿಯುವುದಕ್ಕೆ ‘ಬಹಾರ್’, ಹೊರಡುವುದಕ್ಕೆ ‘ಸಾಲಿರ್’ ಎಂದು ಒಂದೇ ಪದದಲ್ಲಿ ದಿಕ್ಕು ಹೇಳಿ ಅಭ್ಯಾಸವಾದವರ ಕಿವಿ, ವಾಕ್ಯದ ಕೊನೆಯ ಪುಟ್ಟ ‘ಅಪ್’, ‘ಡೌನ್’, ‘ಔಟ್’ಗಳನ್ನು ಅಲಕ್ಷಿಸುವುದು ಸಹಜ.

ಸಾಲದ್ದಕ್ಕೆ ಇಂಗ್ಲಿಷ್‌ನ ‘ಇನ್’ ಮತ್ತು ‘ಆನ್’ ಎರಡಕ್ಕೂ ಸ್ಪ್ಯಾನಿಷ್‌ನಲ್ಲಿ ಸಾಮಾನ್ಯವಾಗಿ ಒಂದೇ ‘ಎನ್’. ಕಾರಿಗೆ ‘ಗೆಟ್ ಇನ್’, ಬಸ್ಸಿಗೆ ‘ಗೆಟ್ ಆನ್’ ಏಕೆ ಎಂದು ತಲೆಕೆರೆದುಕೊಳ್ಳುವುದು ಅವರ ಪಾಲಿಗೆ ತಪ್ಪಿದ್ದಲ್ಲ.

ಆಕಾಶದಲ್ಲಿ ಎಡವಿದ ಮಾತು

ಇದು ಕೇವಲ ಪರೀಕ್ಷೆಯ ಅಂಕಗಳ ಪ್ರಶ್ನೆಯಲ್ಲ. ಇಂಥ ಮಾತುಗಳು ಜೀವಗಳ ನಡುವೆ ಬಂದು ನಿಂತ ಎರಡು ಪ್ರಸಂಗಗಳು ವಿಮಾನಯಾನದ ಚರಿತ್ರೆಯಲ್ಲಿವೆ.

1977ರ ಮಾರ್ಚ್ 27. ಸ್ಪೇನಿಗೆ ಸೇರಿದ ಟೆನೆರಿಫ್ ದ್ವೀಪದ ವಿಮಾನ ನಿಲ್ದಾಣದಲ್ಲಿ ದಟ್ಟ ಮಂಜು. ಡಚ್ ಜಂಬೊ ವಿಮಾನದಿಂದ, ತಾವೀಗ ‘ಟೇಕಾಫ್’ನಲ್ಲಿದ್ದೇವೆ ಎಂಬರ್ಥದ ಇಂಗ್ಲಿಷ್ ಮಾತು ಬಂತು. ಹೊರಡುವ ಜಾಗದಲ್ಲಿ ಕಾಯುತ್ತಿದ್ದಾರೆ ಎಂದು ಸ್ಪ್ಯಾನಿಷ್ ನಿಯಂತ್ರಕ ಅರ್ಥಮಾಡಿಕೊಂಡ. ವಿಮಾನ ಆಗಲೇ ಓಡತೊಡಗಿತ್ತು! ರನ್‌ವೇ ಮೇಲಿದ್ದ ಅಮೆರಿಕದ ಇನ್ನೊಂದು ಜಂಬೊಗೆ ಅದು ಅಪ್ಪಳಿಸಿ 583 ಜನ ಸತ್ತರು. ಡಚ್ ಕ್ಯಾಪ್ಟನ್ ಅನುಮತಿ ಸಿಗುವ ಮೊದಲೇ ಹೊರಟದ್ದು ಮುಖ್ಯ ಕಾರಣವಾಗಿತ್ತು. ಅಸ್ಪಷ್ಟ ಮಾತು ಅದಕ್ಕೆ ಜೊತೆಯಾಯಿತು. ಆ ಬಳಿಕ ‘ಟೇಕಾಫ್’ ಪದವನ್ನು ನೆಲ ಬಿಡುವ ಅನುಮತಿ ಕೊಡುವಾಗ ಅಥವಾ ರದ್ದುಪಡಿಸುವಾಗ ಮಾತ್ರ ಬಳಸಬೇಕು, ಉಳಿದಂತೆ ‘ಡಿಪಾರ್ಚರ್’ ಎನ್ನಬೇಕು ಎಂಬ ಪದ್ಧತಿ ಬಂತು. ಸ್ವಾರಸ್ಯವೆಂದರೆ ಇಲ್ಲಿ ಗೆದ್ದದ್ದು ಫ್ರೆಂಚ್ ಮೂಲದ ಕಚೇರಿ ಪದ!

1990ರ ಜನವರಿ 25. ಕೊಲಂಬಿಯಾದಿಂದ ಬಂದ ಏವಿಯಾಂಕಾ ವಿಮಾನ ಕೆಟ್ಟ ಹವೆಯಿಂದಾಗಿ ನ್ಯೂಯಾರ್ಕ್ ಸಮೀಪಿಸುವ ಮುನ್ನ ಒಂದು ಗಂಟೆಗೂ ಹೆಚ್ಚು ಕಾಲ ಆಕಾಶದಲ್ಲೇ ಸುತ್ತಬೇಕಾಯಿತು. ಮೊದಲ ಸಲ ಇಳಿಯಲಾಗಲಿಲ್ಲ. ಇಂಧನ ‘ರನ್ನಿಂಗ್ ಔಟ್’ ಆಗುತ್ತಿದೆ ಎಂದು ಸ್ಪ್ಯಾನಿಷ್ ಭಾಷಿಕ ಸಹಚಾಲಕ ತಿಳಿಸಿದ. ವ್ಯಾಕರಣ ಶುದ್ಧವಾಗಿತ್ತು, ಅರ್ಥವೂ ಸರಿಯಾಗಿತ್ತು. ಆದರೆ ‘ಎಮರ್ಜೆನ್ಸಿ’ ಎಂಬ ಒಂದು ಪದ ಅವನ ಬಾಯಿಂದ ಬರಲಿಲ್ಲ. ನಿತ್ಯದ ಮಾತಿನಂತೆ ಕೇಳಿಸಿದ ಆ ನುಡಿಯಲ್ಲಿ ಸಾವಿನ ಸುಳಿವು ಯಾರಿಗೂ ಹತ್ತಲಿಲ್ಲ. ಇಂಧನ ಪೂರ್ತಿ ಬರಿದಾಗಿ ವಿಮಾನ ಲಾಂಗ್ ಐಲೆಂಡಿನಲ್ಲಿ ಬಿತ್ತು. ಒಳಗಿದ್ದ 158 ಮಂದಿಯಲ್ಲಿ 73 ಮಂದಿ ಅಸುನೀಗಿದರು.

ಪದದ ಅರ್ಥ ತಿಳಿದರಷ್ಟೇ ಸಾಲದು. ಅದರ ತೂಕವೂ ತಿಳಿದಿರಬೇಕು ಎಂಬುದು ಈ ಎರಡೂ ದುರಂತಗಳ ಪಾಠ. ನೆಲದ ಮೇಲೂ ಅಷ್ಟೆ. ಅಮೆರಿಕದ ಕಟ್ಟಡ ಕೆಲಸಗಳಲ್ಲಿ, ಹೊಲಗಳಲ್ಲಿ, ಹೋಟೆಲುಗಳ ಅಡುಗೆಮನೆಗಳಲ್ಲಿ ದುಡಿಯುವ ಸ್ಪ್ಯಾನಿಷ್ ಭಾಷಿಕರು ಬಹಳ. ‘ಬ್ಯಾಕ್ ಅಪ್’ ಎಂದರೆ ಹಿಂದೆ ಸರಿ, ‘ವಾಚ್ ಔಟ್’ ಎಂದರೆ ಎಚ್ಚರ. ನಿಘಂಟು ನೋಡಲು ಅಲ್ಲಿ ಪುರುಸೊತ್ತಿರುವುದಿಲ್ಲ.

ಎಲ್ಲಿಂದ ಆರಂಭಿಸುವುದು?

ಸಾವಿರಾರು ಇರುವ ಈ ಜೋಡಿಗಳನ್ನು ಕಲಿಯುವುದು ಹೇಗೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕಿಲ್ಲ ಎಂಬುದು ಸಮಾಧಾನದ ಸಂಗತಿ. ಡೀ ಗಾರ್ಡ್ನರ್ ಮತ್ತು ಮಾರ್ಕ್ ಡೇವಿಸ್ ಎಂಬ ಸಂಶೋಧಕರು ಹತ್ತು ಕೋಟಿ ಪದಗಳ ಬ್ರಿಟಿಷ್ ಪಠ್ಯಸಂಗ್ರಹವೊಂದನ್ನು ಜಾಲಾಡಿ 2007ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಬಳಕೆಯ ಅರ್ಧಕ್ಕಿಂತ ಹೆಚ್ಚಿನ ಪಾಲು ಕೇವಲ 100 ಜೋಡಿಗಳದ್ದು. ಆದರೆ ಆ ನೂರಕ್ಕೆ 559 ಅರ್ಥಗಳು! 2015ರಲ್ಲಿ ಮೆಲೊಡಿ ಗಾರ್ನಿಯೆ ಮತ್ತು ನಾರ್ಬರ್ಟ್ ಶ್ಮಿಟ್ ಈ ಹೊರೆಯನ್ನು ಇಳಿಸಿದರು. ಹೆಚ್ಚು ಬಳಕೆಯ 150 ಜೋಡಿಗಳನ್ನು ಆರಿಸಿ, ನಿಜವಾಗಿ ಬೇಕಾಗುವ 288 ಅರ್ಥಗಳನ್ನಷ್ಟೇ ಉಳಿಸಿಕೊಂಡರು.

‘ಗೆಟ್’ನ ಮಕ್ಕಳು, ‘ಪುಟ್’ನ ಮಕ್ಕಳು ಎಂದು ಉದ್ದನೆಯ ಪಟ್ಟಿ ಮಾಡಿ ಉರುಹೊಡೆದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುವುದು ಸುಲಭ. ಅದರ ಬದಲು ಒಂದು ದೃಶ್ಯದಲ್ಲಿ ಕಲಿಯುವುದು ಮೇಲು. ಬೆಳಿಗ್ಗೆ ಏಳುವುದು ‘ಗೆಟ್ ಅಪ್’, ಅಂಗಿ ತೊಡುವುದು ‘ಪುಟ್ ಆನ್’, ದೀಪ ಆರಿಸುವುದು ‘ಟರ್ನ್ ಆಫ್’, ಹೊರಡುವುದು ‘ಗೋ ಔಟ್’. ಒಂದು ಮುಂಜಾನೆಯಲ್ಲೇ ನಾಲ್ಕು ಪಾಠ!

ಎರಡು ಎಚ್ಚರಿಕೆಗಳನ್ನೂ ನೆನಪಿಡಬೇಕು. ಒಂದು, ‘ಅದನ್ನು ಆರಿಸು’ ಎನ್ನಲು ಸ್ಪ್ಯಾನಿಷ್‌ನಲ್ಲಿ ‘ಅಪಾಗಲೊ’. ‘ಅದು’ ಎಂಬುದು ಪದದ ಕೊನೆಗೆ ಅಂಟುತ್ತದೆ. ಇಂಗ್ಲಿಷ್‌ನಲ್ಲಿ ಅದು ನಡುವೆ ನುಗ್ಗುತ್ತದೆ: ‘ಟರ್ನ್ ಇಟ್ ಆಫ್’. ಎರಡು, ಇಂಥ ಮಾತುಗಳಲ್ಲಿ ಒತ್ತು ಬೀಳುವುದು ಬಾಲದ ಮೇಲೆ. ಮೂರೂ ಪದ ಬೆರೆತು ‘ಟರ್ನಿಟಾಫ್’ ಎಂದು ಕೇಳಿಸುತ್ತದೆ. ಕಣ್ಣಿಗಿಂತ ಕಿವಿಯಿಂದ ಕಲಿಯಬೇಕು ಎನ್ನುವುದು ಇದಕ್ಕೇ.

ಬಾಲ ತಿರುಗಿದಾಗ

ಕೊಡುಕೊಳ್ಳುವಿಕೆ ಒಮ್ಮುಖವಾಗಿಯೇನೂ ಉಳಿದಿಲ್ಲ. ಅಮೆರಿಕದಲ್ಲಿ ನೆಲೆಸಿದ ಸ್ಪ್ಯಾನಿಷ್ ಭಾಷಿಕರು ‘ಕಾಲ್ ಬ್ಯಾಕ್’ ಎಂಬುದನ್ನು ‘ಯಾಮಾರ್ ಪಾರಾ ಅತ್ರಾಸ್’, ಅಂದರೆ ‘ಹಿಂದಕ್ಕೆ ಕರೆ’ ಎಂದು ತಮ್ಮ ಭಾಷೆಗೇ ಹೊಲಿದುಕೊಂಡಿದ್ದಾರೆ. ಮಡಿವಂತರು ಮೂಗು ಮುರಿದರೂ ಮಾತು ನಿಂತಿಲ್ಲ. ಬಾಲಗಳಿಗೆ ಬೆದರುತ್ತಿದ್ದವರೇ ತಮ್ಮ ಭಾಷೆಗೆ ಬಾಲ ಕಟ್ಟಿದ್ದಾರೆ!

ಕನ್ನಡಿಗರು ಇನ್ನೂ ಒಂದು ಹೆಜ್ಜೆ ಮುಂದೆ. ‘ಟರ್ನ್ ಆಫ್’, ‘ಟರ್ನ್ ಆನ್’ಗಳ ತಲೆಯನ್ನೇ ಕತ್ತರಿಸಿ, ಬಾಲವನ್ನಷ್ಟೇ ಇಟ್ಟುಕೊಂಡು ‘ಫ್ಯಾನ್ ಆನ್ ಮಾಡು, ಲೈಟ್ ಆಫ್ ಮಾಡು’ ಎನ್ನುತ್ತಾರೆ. ಅರ್ಥವೆಲ್ಲ ಬಾಲದಲ್ಲೇ ಇದೆ ಎಂಬ ಗುಟ್ಟು ವ್ಯಾಕರಣ ಓದದ ಅಜ್ಜಿಗೂ ಗೊತ್ತು.